ಗುಡ್ಡದಂಚಿನ ಹೊಲ, ರಾತ್ರಿಯ ಕರೆಂಟು ಮತ್ತು ಕರಡಿ: ತಿಳಿದವರು ಸಲಹೆ ನೀಡಬೇಕು

ಪ್ರಶ್ನೆ — ಹೊಳಲ್ಕೆರೆ ತಾಲ್ಲೂಕಿನ ಕೃಷಿಕ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಳಲ್ಕೆರೆ ತಾಲ್ಲೂಕಿನಲ್ಲಿ ಗುಡ್ಡಕ್ಕೆ ಹೊಂದಿಕೊಂಡಿರುವ ಐದು ಎಕರೆ ಜಮೀನು. ಎರಡು ಎಕರೆಯಲ್ಲಿ ಅಡಿಕೆ ಸಸಿ ಮತ್ತು ಬಾಳೆ ಇವೆ. ಉಳಿದ ನೆಲದಲ್ಲಿ ಮುಂಗಾರಿಗೆ ಮೆಕ್ಕೆಜೋಳ, ಒಂದು ತುಂಡಿನಲ್ಲಿ ಶೇಂಗಾ ಬಿತ್ತುತ್ತೇವೆ. ನಾನು, ನನ್ನ ಹೆಂಡತಿ, ತಾಯಿ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು ತೋಟದ ಮನೆಯಲ್ಲಿಯೇ ವಾಸವಾಗಿದ್ದೇವೆ. ಗುಡ್ಡದಲ್ಲಿ ಕರಡಿಗಳಿರುವುದು ಅಜ್ಜನ ಕಾಲದಿಂದಲೂ ಗೊತ್ತಿದ್ದ ಸಂಗತಿಯೇ. ಆದರೆ ಆಗ ಅವು ಮೇಲಿನ ಬಂಡೆಗಳ ಸಂದಿನಲ್ಲಿಯೇ ಇರುತ್ತಿದ್ದವು, ಎಲ್ಲೋ ಅಪರೂಪಕ್ಕೆ ಬಾರೆಹಣ್ಣಿನ ಕಾಲದಲ್ಲಿ ಕೆಳಗಿಳಿದು ಹೋಗುತ್ತಿದ್ದವು. ಈಗ ಕೆಲವು ತಿಂಗಳಿಂದ ಮರಿಯನ್ನು ಬೆನ್ನ ಮೇಲೆ ಹೊತ್ತ ಒಂದು ಹೆಣ್ಣು ಕರಡಿ ನಮ್ಮ ಬದುವಿನ ಹುತ್ತಗಳನ್ನು ಅಗೆಯಲು ಬರುತ್ತಿದೆ. ತೆನೆ ಹಾಲುಗಟ್ಟಿದ ಮೇಲೆ ಮೆಕ್ಕೆಜೋಳದಲ್ಲಿಯೂ ಅಲ್ಲಲ್ಲಿ ದಂಟು ಬಾಗಿಸಿ ತಿಂದ ಗುರುತು ಕಾಣುತ್ತಿದೆ.

ನಮ್ಮ ನಿಜವಾದ ಕಷ್ಟ ಬೆಳೆಯದ್ದಲ್ಲ. ನಮ್ಮ ಕಡೆಗೆ ಮೂರು ಫೇಸ್ ಕರೆಂಟು ಬಹಳ ದಿನ ರಾತ್ರಿ ಪಾಳಿಯಲ್ಲಿ ಬರುತ್ತದೆ. ಮೋಟಾರು ಹಾಕಲು, ವಾಲ್ವ್ ತಿರುಗಿಸಲು, ಬಾಳೆಯ ಪಾತಿಗೆ ನೀರು ತಿರುವಲು ಕತ್ತಲಲ್ಲಿ ಒಬ್ಬನೇ ಹೋಗಬೇಕಾಗುತ್ತದೆ, ಮತ್ತು ಕೊಳವೆ ಬಾವಿ ಇರುವುದು ಗುಡ್ಡದ ಬುಡದಲ್ಲಿ, ಲಂಟಾನದ ಪೊದೆಗಳ ಪಕ್ಕದಲ್ಲಿ. ನಾನು ಹೊರಟರೆ ತಾಯಿ ಬಾಗಿಲಲ್ಲಿಯೇ ಕುಳಿತಿರುತ್ತಾರೆ.

ಊರಿನಲ್ಲಿ ಎರಡು ಮಾತು ಕೇಳಿಬರುತ್ತಿದೆ. ಬೋನು ತರಿಸಿ ಕರಡಿಯನ್ನು ಹಿಡಿಸಿ ದೂರ ಬಿಡಿಸಬೇಕೆಂದು ಕೆಲವರು ಹೇಳುತ್ತಾರೆ. ಹಂದಿಯ ಕಾಟವೂ ಇರುವುದರಿಂದ ಬದುವಿನ ಸುತ್ತ ತಂತಿ ಎಳೆದು ಲೈನಿನಿಂದ ನೇರವಾಗಿ ಕರೆಂಟು ಕೊಟ್ಟರೆ ಎರಡೂ ಕಾಟ ತಪ್ಪುತ್ತದೆಂದು ಇನ್ನು ಕೆಲವರು ಹೇಳುತ್ತಾರೆ. ಎರಡನೆಯ ಮಾತಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಆದರೆ ಒಪ್ಪದಿರಲು ಕಾರಣವನ್ನು ಊರವರ ಮುಂದೆ ಸ್ಪಷ್ಟವಾಗಿ ಹೇಳುವಷ್ಟು ತಿಳಿವಳಿಕೆ ನನಗಿಲ್ಲ. ಕರಡಿ ಇರುವ ಕಡೆ ಬೇಸಾಯ ಮಾಡಿಕೊಂಡು ಬಂದವರು, ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿದವರು, ವೈದ್ಯಕೀಯ ವಿಷಯ ಬಲ್ಲವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ — ಜಗಳೂರು ತಾಲ್ಲೂಕಿನ ಕೃಷಿಕ

ಮಾನ್ಯರೇ, ನಮ್ಮ ಜಮೀನು ರಂಗಯ್ಯನದುರ್ಗದ ಕಾಡಿನ ಅಂಚಿನಲ್ಲಿದೆ. ಆ ಕಾಡನ್ನು 2011ರಲ್ಲಿ ಕೊಂಡುಕುರಿಗಾಗಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆಗಾಗಿ, ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಆದರೆ ಅಲ್ಲಿ ಕೊಂಡುಕುರಿಯ ಜೊತೆಗೆ ಕರಡಿ, ಚಿರತೆ, ತೋಳ, ಮುಳ್ಳುಹಂದಿ, ನವಿಲು ಎಲ್ಲವೂ ಇವೆ, ಮತ್ತು ಅವುಗಳಲ್ಲಿ ಯಾವುದೂ ಧಾಮದ ಗಡಿಕಲ್ಲನ್ನು ನೋಡಿಕೊಂಡು ನಡೆಯುವುದಿಲ್ಲ. ಹಾಗಾಗಿ ತಾವು ಬರೆದಿರುವುದು ನಮ್ಮ ಮನೆಯ ಮಾತೇ ಎಂಬಂತೆ ಓದಿದೆ.

ಮೊದಲು ಕರಡಿಯ ಸ್ವಭಾವವನ್ನು ಅರ್ಥ ಮಾಡಿಕೊಳ್ಳಬೇಕು, ಏಕೆಂದರೆ ಮುಂದಿನ ಎಲ್ಲ ಎಚ್ಚರಿಕೆಯೂ ಅದರ ಮೇಲೆ ನಿಂತಿದೆ. ನಮ್ಮ ಕರಡಿಯ ಮುಖ್ಯ ಆಹಾರ ಗೆದ್ದಲು, ಇರುವೆ ಮತ್ತು ಹಣ್ಣು. ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಬಾಚಿಹಲ್ಲುಗಳೇ ಇಲ್ಲ. ಆ ಸಂದಿಯಿಂದ ಉಸಿರೆಳೆದು ಹುತ್ತದೊಳಗಿನ ಗೆದ್ದಲನ್ನು ಹೀರಿಕೊಳ್ಳುತ್ತದೆ. ಹೀಗೆ ಹೀರುವ ಸದ್ದು ನಿಶ್ಶಬ್ದದ ರಾತ್ರಿಯಲ್ಲಿ ನೂರು ಮೀಟರಿಗಿಂತಲೂ ದೂರ ಕೇಳಿಸುತ್ತದೆ. ಅದರ ಮೂಗು ಬಹಳ ಚುರುಕು; ಕಣ್ಣು ಮತ್ತು ಕಿವಿ ಅಷ್ಟು ಚುರುಕಲ್ಲ. ತಲೆಯನ್ನು ಗುಂಡಿಯೊಳಗೆ ಇಟ್ಟುಕೊಂಡು ಗೆದ್ದಲು ಹೀರುತ್ತಿರುವ ಕರಡಿಗೆ ನೀವು ಹತ್ತು ಹೆಜ್ಜೆ ಹತ್ತಿರ ಬರುವವರೆಗೂ ಗೊತ್ತಾಗದೆ ಇರಬಹುದು. ಗೊತ್ತಾದ ಕ್ಷಣದಲ್ಲಿ ಅದು ಓಡುವ ಬದಲು ಮೇಲೆರಗುತ್ತದೆ. ಮರಿ ಇದ್ದರಂತೂ ಹಾಗೆಯೇ ಮಾಡುತ್ತದೆ. ಅದು ಮನುಷ್ಯನನ್ನು ತಿನ್ನಲು ಬರುವ ಪ್ರಾಣಿಯಲ್ಲ. ನಮ್ಮ ಭಾಗದಲ್ಲಿ ನಡೆದಿರುವ ಹೆಚ್ಚಿನ ದಾಳಿಗಳ ಹಿನ್ನೆಲೆ ಕೇಳಿ ನೋಡಿ: ನಸುಕಿನಲ್ಲಿ ಅಥವಾ ಕತ್ತಲಾದ ಮೇಲೆ, ಒಬ್ಬರೇ, ಸದ್ದಿಲ್ಲದೆ, ಪೊದೆಯ ಪಕ್ಕದಲ್ಲಿ ಹೋಗುತ್ತಿದ್ದವರು. ಹೊಲಕ್ಕೆ ನೀರು ಕಟ್ಟಲು ಹೋದವರು, ಬಯಲಿಗೆ ಹೋದವರು, ಸೀತಾಫಲ ಕೀಳಲು ಹೋದವರು, ತಪ್ಪಿಸಿಕೊಂಡ ಕುರಿ ಹುಡುಕಲು ಹೋದವರು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ನಿಮ್ಮ ಪ್ರಶ್ನೆಯ ಉತ್ತರ ಕರಡಿಗಿಂತ ಹೆಚ್ಚಾಗಿ ನಿಮ್ಮ ಸ್ಟಾರ್ಟರ್ ಪೆಟ್ಟಿಗೆಯಲ್ಲಿದೆ. ಕರಡಿ ಓಡಾಡುವ ಹೊತ್ತಿಗೆ ನೀವು ಪೊದೆಯ ಪಕ್ಕ ಇರಬಾರದು. ಅಷ್ಟನ್ನು ಸಾಧಿಸಿದರೆ ಅಪಾಯದ ಬಹುಪಾಲು ಅಲ್ಲಿಗೇ ಕಡಿಮೆಯಾಗುತ್ತದೆ. ಮೊಬೈಲ್‌ನಿಂದ ಮೋಟಾರು ಆನ್ ಆಫ್ ಮಾಡುವ ಸ್ಟಾರ್ಟರ್‌ಗಳು ಈಗ ದಾವಣಗೆರೆ, ಚಿತ್ರದುರ್ಗದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತವೆ. ಒಂದು ಫೇಸ್ ತಪ್ಪಿದರೆ, ಬಾವಿಯಲ್ಲಿ ನೀರು ಇಳಿದರೆ ತಾನೇ ನಿಲ್ಲುವ ವ್ಯವಸ್ಥೆ ಇರುವುದನ್ನೇ ತೆಗೆದುಕೊಳ್ಳಿ. ಇಲ್ಲವಾದರೆ ಮೋಟಾರು ಸುಟ್ಟೀತೆಂಬ ಚಿಂತೆಯಿಂದ ಮತ್ತೆ ರಾತ್ರಿ ಎದ್ದು ಹೋಗುತ್ತೀರಿ. ಸಾಧ್ಯವಿದ್ದರೆ ಮನೆಯ ಹತ್ತಿರ ಒಂದು ತೊಟ್ಟಿಯನ್ನೋ ಕೃಷಿ ಹೊಂಡವನ್ನೋ ಮಾಡಿಕೊಂಡು, ರಾತ್ರಿ ಕರೆಂಟು ಇದ್ದಾಗ ಬಾವಿಯ ನೀರು ಅಲ್ಲಿಗೆ ತುಂಬುವಂತೆ ಮಾಡಿ. ಹಗಲಿನಲ್ಲಿ ಸಣ್ಣ ಮೋಟಾರಿನಿಂದ ಹನಿ ನೀರಾವರಿಗೆ ಬಿಡಬಹುದು. ಖರ್ಚು ಇದೆ, ಒಪ್ಪುತ್ತೇನೆ. ಆದರೆ ಊರವರು ಹೇಳುವ ತಂತಿ ಬೇಲಿಗೂ ಖರ್ಚಿದೆ, ಮತ್ತು ಅದರ ಲೆಕ್ಕ ಹಣದಲ್ಲಿ ಮುಗಿಯುವುದಿಲ್ಲ.

ಹಗಲು ಪಾಳಿಯ ಕರೆಂಟನ್ನು ಕೇಳುವುದನ್ನೂ ಬಿಡಬೇಡಿ. ಕಾಡಂಚಿನ ಫೀಡರ್‌ಗಳಿಗೆ ಹಗಲಿನಲ್ಲಿಯೇ ಮೂರು ಫೇಸ್ ಕೊಡಬೇಕೆಂದು ಗ್ರಾಮ ಪಂಚಾಯಿತಿಯಲ್ಲಿ ನಿರ್ಣಯ ಮಾಡಿಸಿ, ಅದರ ಪ್ರತಿಯನ್ನು ಬೆಸ್ಕಾಂ ಉಪವಿಭಾಗಕ್ಕೂ ವಲಯ ಅರಣ್ಯಾಧಿಕಾರಿಗಳ ಕಚೇರಿಗೂ ಒಟ್ಟಿಗೆ ಕೊಡಿ. ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಡಿ ಕೃಷಿ ಫೀಡರ್‌ಗಳಿಗೆ ಸೌರ ವಿದ್ಯುತ್ ಜೋಡಿಸುವ ಕೆಲಸದ ಮುಖ್ಯ ಉದ್ದೇಶವೇ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲಿ ವಿದ್ಯುತ್ ಕೊಡುವುದು. ಕರಡಿ, ಚಿರತೆ ಇರುವ ಊರುಗಳ ಫೀಡರ್‌ಗಳಿಗೆ ಅದರಲ್ಲಿ ಮೊದಲ ಪಾಳಿ ಸಿಗಬೇಕೆಂದು ಕೇಳುವುದು ನ್ಯಾಯವಾದ ಬೇಡಿಕೆ ಎಂದು ನಾನು ದೃಢವಾಗಿ ನಂಬಿದ್ದೇನೆ. ರೈತ ರಾತ್ರಿ ಹನ್ನೆರಡು ಗಂಟೆಗೆ ಗುಡ್ಡದ ಬುಡದಲ್ಲಿ ನಿಲ್ಲುವಂತೆ ಮಾಡಿ, ಆಮೇಲೆ ಕರಡಿಯನ್ನು ದೂರುವುದು ಸರಿಯಲ್ಲ.

ಹೋಗಲೇಬೇಕಾದ ರಾತ್ರಿಗಳಲ್ಲಿ ಇಬ್ಬರು ಹೋಗಿ. ಪ್ರಖರವಾದ ಟಾರ್ಚು, ಉದ್ದನೆಯ ಕೋಲು ಇರಲಿ; ಕೋಲಿಗೆ ಗೆಜ್ಜೆ ಕಟ್ಟಿದರೆ ಇನ್ನೂ ಒಳ್ಳೆಯದು. ಹೊರಡುವಾಗಿನಿಂದಲೇ ಗಟ್ಟಿಯಾಗಿ ಮಾತನಾಡುತ್ತಾ, ಕೋಲನ್ನು ನೆಲಕ್ಕೆ ಕುಟ್ಟುತ್ತಾ ನಡೆಯಿರಿ. ದೂರದಿಂದಲೇ ಮನುಷ್ಯರ ಸದ್ದು ಕೇಳಿದ ಕರಡಿ ಸಾಮಾನ್ಯವಾಗಿ ತಾನೇ ದಾರಿ ಬಿಟ್ಟು ಹೋಗುತ್ತದೆ. ನಾಯಿಯನ್ನು ಮುಂದೆ ಬಿಟ್ಟುಕೊಂಡು ಹೋಗಬೇಡಿ. ಕರಡಿಯನ್ನು ಕೆಣಕಿದ ನಾಯಿ ಹೆದರಿದ ಕೂಡಲೇ ಒಡೆಯನ ಕಡೆಗೇ ಓಡಿ ಬರುತ್ತದೆ, ಅದರ ಹಿಂದೆಯೇ ಕರಡಿಯೂ ಬರಬಹುದು. ದೂರದಲ್ಲಿ ಕರಡಿ ಕಂಡರೆ ಅದಕ್ಕೆ ಬೆನ್ನು ತೋರಿಸದೆ, ಬಂದ ದಾರಿಯಲ್ಲಿಯೇ ನಿಧಾನವಾಗಿ ಹಿಂದೆ ಸರಿಯಿರಿ. ಓಡಿದರೆ ಅದು ನಿಮಗಿಂತ ವೇಗವಾಗಿ ಓಡುತ್ತದೆ. ಮರ ಹತ್ತಿದರೆ ಅದೂ ಹತ್ತಬಲ್ಲದು.

ಕೊಳವೆ ಬಾವಿಯ ಸುತ್ತಲಿನ ಮತ್ತು ಬಾವಿಗೆ ಹೋಗುವ ದಾರಿಯ ಎರಡೂ ಬದಿಯ ಲಂಟಾನವನ್ನು ಕಡಿದು, ಕಣ್ಣು ಹರಿಯುವಷ್ಟು ಬಯಲು ಮಾಡಿಕೊಳ್ಳಿ. ಸ್ವಂತ ಜಮೀನಿನೊಳಗಿನದನ್ನು ನೀವೇ ತೆಗೆಯಬಹುದು. ಅರಣ್ಯದ ಗಡಿಯಾಚೆಗಿನದಾದರೆ ಇಲಾಖೆಯವರನ್ನು ಕೇಳಿಯೇ ಮುಟ್ಟಬೇಕು. ದಾರಿಯ ಪಕ್ಕದಲ್ಲಿರುವ ಹುತ್ತದ ವಿಷಯದಲ್ಲಿ ನಾವು ಮಾಡಿದ್ದು ಇಷ್ಟೇ: ಹುತ್ತವನ್ನು ಅದರ ಪಾಡಿಗೆ ಬಿಟ್ಟು ಕಾಲುದಾರಿಯನ್ನು ಸರಿಸಿಕೊಂಡೆವು. ಪೂಜೆ ಮಾಡುವ ಹುತ್ತವನ್ನು ಒಡೆಯಲು ಮನೆಯವರು ಒಪ್ಪುವುದಿಲ್ಲ, ಒಡೆದರೂ ಗೆದ್ದಲು ಇನ್ನೊಂದೆಡೆ ಏಳುತ್ತದೆ.

ಉತ್ತರ — ಸರ್ಕಾರಿ ಆಸ್ಪತ್ರೆಯೊಂದರ ವೈದ್ಯೆ, ದಾವಣಗೆರೆ

ಹಿಂದಿನ ಉತ್ತರದಲ್ಲಿ ಮುಖಾಮುಖಿಯಾಗದಂತೆ ನೋಡಿಕೊಳ್ಳುವ ಬಗ್ಗೆ ಚೆನ್ನಾಗಿ ಬರೆದಿದ್ದಾರೆ. ಆದರೂ ದಾಳಿ ನಡೆದೇ ಹೋದರೆ ಮೊದಲ ಒಂದು ಗಂಟೆಯಲ್ಲಿ ಏನು ಮಾಡಬೇಕೆಂಬುದು ಪ್ರತಿ ತೋಟದ ಮನೆಯಲ್ಲಿಯೂ ಎಲ್ಲರಿಗೂ ಗೊತ್ತಿರಬೇಕು.

ಕರಡಿ ಸಾಮಾನ್ಯವಾಗಿ ತಲೆ, ಮುಖ ಮತ್ತು ಕೈಗಳನ್ನು ಹಿಡಿಯುತ್ತದೆ. ಅದರ ಉಗುರುಗಳು ಗಟ್ಟಿ ನೆಲ ಅಗೆಯಲೆಂದೇ ಬೆಳೆದವು. ಆದ್ದರಿಂದ ಗಾಯ ಮೇಲ್ನೋಟಕ್ಕೆ ಕಾಣುವುದಕ್ಕಿಂತ ಆಳವಾಗಿರುತ್ತದೆ. ಅದು ಮೈಮೇಲೆ ಬಿದ್ದೇಬಿಟ್ಟರೆ ಬೋರಲಾಗಿ ಮಲಗಿ, ಮುಖವನ್ನು ನೆಲಕ್ಕೆ ಒತ್ತಿ, ಎರಡೂ ಕೈಗಳ ಬೆರಳುಗಳನ್ನು ಕತ್ತಿನ ಹಿಂದೆ ಹೆಣೆದುಕೊಂಡು ಕತ್ತು, ಕಣ್ಣು, ಮುಖಗಳನ್ನು ಕಾಪಾಡಿಕೊಳ್ಳಬೇಕು. ಎದುರಿನಿಂದ ಅಪಾಯ ಹೋಯಿತೆಂದು ಭಾವಿಸಿದ ಕರಡಿ ಹೆಚ್ಚಿನ ಸಲ ಬಿಟ್ಟು ಹೋಗುತ್ತದೆ.

ಗಾಯಕ್ಕೆ ಅರಿಸಿನ, ಕಾಫಿಪುಡಿ, ಸುಣ್ಣ, ಎಲೆಯ ರಸ ಯಾವುದನ್ನೂ ಹಾಕಬಾರದು. ರಕ್ತ ಜೋರಾಗಿ ಹರಿಯುತ್ತಿದ್ದರೆ ಒಗೆದ ಬಟ್ಟೆಯನ್ನು ಮಡಿಸಿ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬೇಕು. ಕಿತ್ತು ಜೋತು ಬಿದ್ದ ಚರ್ಮವನ್ನು ಕತ್ತರಿಸದೆ, ಇದ್ದ ಜಾಗಕ್ಕೆ ಮೆಲ್ಲಗೆ ಕೂರಿಸಿ ಮೇಲೆ ಬಟ್ಟೆ ಕಟ್ಟಬೇಕು. ಸಣ್ಣ ಗಾಯವಾದರೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಬೇಕು. ಇದು ಬಹಳ ಜನ ಮರೆಯುವ ವಿಷಯ: ಕಾಡುಪ್ರಾಣಿ ಕಚ್ಚಿದಾಗಲೂ ರೇಬೀಸ್ ಲಸಿಕೆ ಬೇಕೇ ಬೇಕು. ನಾಯಿ ಕಚ್ಚಿದರೆ ಮಾತ್ರ ಅದು ಎಂಬ ತಿಳಿವಳಿಕೆ ತಪ್ಪು. ಚರ್ಮ ಹರಿದ ಕಡಿತವನ್ನು ಮೂರನೆಯ, ಅಂದರೆ ಅತಿ ಗಂಭೀರ ವರ್ಗದ್ದೆಂದು ಪರಿಗಣಿಸಿ, ಗಾಯದ ಒಳಗೂ ಸುತ್ತಲೂ ರೇಬೀಸ್ ವಿರುದ್ಧ ತಕ್ಷಣ ರಕ್ಷಣೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು ಕೊಟ್ಟು, ಮೊದಲ ದಿನದ ನಂತರ 3, 7 ಮತ್ತು 28ನೆಯ ದಿನಗಳಂದು ಚರ್ಮದೊಳಗಿನ ಲಸಿಕೆಯನ್ನು ಮುಂದುವರಿಸಲಾಗುತ್ತದೆ. ಧನುರ್ವಾಯುವಿನ ಚುಚ್ಚುಮದ್ದೂ ಇರುತ್ತದೆ. ಗಾಯ ಒಣಗಿತೆಂದು 28ನೆಯ ದಿನದ ಲಸಿಕೆಯನ್ನು ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಆಸ್ಪತ್ರೆಯಲ್ಲಿ ‘ಕರಡಿ ದಾಳಿ’ ಎಂದು ಸ್ಪಷ್ಟವಾಗಿ ಬರೆಸಿ, ವೈದ್ಯಕೀಯ ಕಾನೂನು ಪ್ರಕರಣವಾಗಿ ದಾಖಲಿಸಲು ಕೇಳಿ. ಮುಂದೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಆ ಒಂದು ಸಾಲು ಬಹಳ ಮುಖ್ಯವಾಗುತ್ತದೆ.

ಮರುಪ್ರಶ್ನೆ — ಹೊಳಲ್ಕೆರೆ ತಾಲ್ಲೂಕಿನ ಕೃಷಿಕ

ಇಬ್ಬರಿಗೂ ಕೃತಜ್ಞತೆಗಳು. ವೈದ್ಯರು ಬರೆದಿರುವುದನ್ನು ಮನೆಯಲ್ಲಿ ಓದಿ ಹೇಳಿದೆ. ತಾಯಿಯವರು ಅದನ್ನು ಮಕ್ಕಳಿಂದ ಮತ್ತೊಮ್ಮೆ ಓದಿಸಿದರು. ಮೊಬೈಲ್ ಸ್ಟಾರ್ಟರ್ ವಿಚಾರಿಸುತ್ತೇನೆ. ಆದರೆ ಊರಿನ ಎರಡು ಪ್ರಶ್ನೆಗಳು ಹಾಗೆಯೇ ಉಳಿದಿವೆ. ಕರಡಿಯನ್ನು ಹಿಡಿದು ಸಾಗಿಸಬಾರದೇ? ತಂತಿ ಬೇಲಿಯ ಬಗ್ಗೆ ಕಾನೂನು ಏನು ಹೇಳುತ್ತದೆ? ಮುಂದಿನ ವಾರ ಊರ ಹಿರಿಯರು ಸೇರುತ್ತಿದ್ದಾರೆ, ಅಲ್ಲಿ ನಾನು ಮಾತನಾಡಬೇಕಾಗಿದೆ.

ಉತ್ತರ — ಅರಣ್ಯ ಇಲಾಖೆಯ ನಿವೃತ್ತ ಸಿಬ್ಬಂದಿ, ಚಿತ್ರದುರ್ಗ

ಮಾನ್ಯರೇ, ಊರ ಸಭೆಯಲ್ಲಿ ಹೇಳಲು ಅನುಕೂಲವಾಗಲೆಂದು ಸ್ವಲ್ಪ ದೀರ್ಘವಾಗಿಯೇ ಬರೆಯುತ್ತಿದ್ದೇನೆ.

ತಂತಿಯ ವಿಷಯದಲ್ಲಿ ಎರಡು ಮಾತಿಗೆ ಅವಕಾಶವಿಲ್ಲ. ಲೈನಿನಿಂದ ನೇರವಾಗಿ ಬೇಲಿಗೆ ಕರೆಂಟು ಕೊಡುವುದು 2003ರ ವಿದ್ಯುತ್ ಕಾಯಿದೆಯಡಿ ಕಳ್ಳತನ; ಅದರಿಂದ ಕರಡಿ ಸತ್ತರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಬೇಟೆಯ ಅಪರಾಧ. ಕರಡಿ ಆ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ, ಮೇಲೆ ದಂಡ. ಆದರೆ ಸಭೆಯಲ್ಲಿ ನೀವು ಕಾಯಿದೆಯಿಂದ ಮಾತು ಆರಂಭಿಸಬೇಡಿ. ಇಂಥ ತಂತಿಗೆ ಸಿಕ್ಕಿ ಸತ್ತವರಲ್ಲಿ ನೀರು ಕಟ್ಟಲು ಬಂದ ಪಕ್ಕದ ಹೊಲದವರು, ರಾತ್ರಿ ಎದ್ದು ಹೊರಗೆ ಹೋದ ಮನೆಯವರೇ, ಕೆಲವೊಮ್ಮೆ ತಂತಿ ಎಳೆದ ರೈತರೇ ಇದ್ದಾರೆಂಬುದು ಹಳ್ಳಿಯ ಹಿರಿಯರಿಗೆಲ್ಲ ಗೊತ್ತು. ಪತ್ರಿಕೆಗಳಲ್ಲಿ ಪ್ರತಿ ವರ್ಷ ಓದುತ್ತಾರೆ. ನಿಮ್ಮ ಮಕ್ಕಳು ಓಡಾಡುವ ಬದುವಿಗೆ ಆ ತಂತಿ ಬರುತ್ತದೆ ಎಂಬುದನ್ನು ಹೇಳಿ, ಅಷ್ಟು ಸಾಕು. ಹಂದಿಗೆಂದು ಕ್ಲಚ್ ವೈರಿನಿಂದ ಮಾಡಿ ಕಟ್ಟುವ ಉರುಲಿನ ಬಗ್ಗೆಯೂ ಇದೇ ಮಾತು. ಉರುಲಿಗೆ ಕಾಲೋ ಸೊಂಟವೋ ಸಿಕ್ಕಿಬಿದ್ದು ನೋವಿನಿಂದ ಹುಚ್ಚೆದ್ದ ಕರಡಿಗಿಂತ ಅಪಾಯಕಾರಿಯಾದುದು ಇನ್ನೊಂದಿಲ್ಲ, ಮತ್ತು ಬೆಳಿಗ್ಗೆ ಅದರ ಮುಂದೆ ಮೊದಲು ಹೋಗಿ ನಿಲ್ಲುವವರು ಆ ಹೊಲದ ಒಡೆಯರೇ.

ಹಿಡಿದು ಸಾಗಿಸುವ ವಿಚಾರಕ್ಕೆ ಬರುತ್ತೇನೆ. ಹೊಸಪೇಟೆಯ ಕಡೆಯಿಂದ ಸಂಡೂರು, ಕೂಡ್ಲಿಗಿ, ಮೊಳಕಾಲ್ಮುರು, ಜಗಳೂರು, ಚಿತ್ರದುರ್ಗದವರೆಗೂ ಚದುರಿಕೊಂಡಿರುವ ಕಲ್ಲುಗುಡ್ಡಗಳು ಕರಡಿಯ ಮೂಲ ನೆಲೆ. ದರೋಜಿಯನ್ನು 1994ರಲ್ಲಿ, ಗುಡೇಕೋಟೆಯನ್ನು 2013ರಲ್ಲಿ ಕರಡಿಧಾಮಗಳೆಂದು ಘೋಷಿಸಿದ್ದು ಆ ಕಾರಣದಿಂದಲೇ. ಆದರೆ ಧಾಮಗಳು ಈ ಗುಡ್ಡಸಾಲಿನ ಒಂದು ಪಾಲು ಮಾತ್ರ; ಉಳಿದ ಕರಡಿಗಳು ಜೋಗಿಮಟ್ಟಿಯಂಥ ಕಾಡುಗಳಲ್ಲಿ, ಕಂದಾಯ ಭೂಮಿಯ ಬೋಳು ಗುಡ್ಡಗಳಲ್ಲಿ, ನಿಮ್ಮ ನಮ್ಮ ಹೊಲಗಳ ಅಂಚಿನಲ್ಲಿಯೇ ಬದುಕುತ್ತಿವೆ. ಒಂದು ಕರಡಿಯನ್ನು ಒಯ್ದು ಬೇರೆಡೆ ಬಿಟ್ಟರೆ ಅಲ್ಲಿ ಮೊದಲೇ ಇರುವ ಕರಡಿಗಳ ಜೊತೆ ಅದಕ್ಕೆ ಜಗಳ, ಬಿಟ್ಟ ಊರಿನವರಿಗೆ ಹೊಸ ತೊಂದರೆ. ಇಲ್ಲಿ ಖಾಲಿಯಾದ ಗವಿಗೆ ಇನ್ನೊಂದು ಕರಡಿ ಬಂದು ಸೇರುತ್ತದೆ. ಹುತ್ತ, ಹಣ್ಣು, ಮೆಕ್ಕೆಜೋಳ, ನೀರು ಇದ್ದಲ್ಲಿಯೇ ಇರುತ್ತವಲ್ಲ. ಮರಿ ಇರುವ ತಾಯಿಯನ್ನು ಹಿಡಿಯುವಾಗ ಮರಿ ಬೇರೆಯಾದರೆ ಅದು ಕಾಡಿಗೆ ಮರಳುವುದು ಬಹಳ ಕಷ್ಟ. ಕರಡಿಗಳು ಹೆಚ್ಚಾಗಿ ನವೆಂಬರ್‌ನಿಂದ ಜನವರಿಯ ನಡುವೆ ಗವಿಯಲ್ಲಿ ಈಯುತ್ತವೆ. ಮರಿಗಳು ಎರಡು ವರ್ಷ ದಾಟುವವರೆಗೂ ತಾಯಿಯ ಜೊತೆಗೇ ಇರುತ್ತವೆ. ಆದ್ದರಿಂದ ನಿಮ್ಮ ಊರಿನ ಮಟ್ಟಿಗೆ ಇದು ಇನ್ನೂ ಒಂದೆರಡು ವರ್ಷದ ಎಚ್ಚರಿಕೆಯ ಮಾತು. ಮನುಷ್ಯರ ಜೀವಕ್ಕೆ ನಿಜವಾಗಿ ಅಪಾಯಕಾರಿಯಾಗಿರುವ ಪ್ರಾಣಿಯ ವಿಷಯದಲ್ಲಿ ಕ್ರಮ ಕೈಗೊಳ್ಳಲು ಕಾಯಿದೆಯ 11ನೆಯ ಕಲಂ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಧಿಕಾರ ಕೊಟ್ಟಿದೆ. ಹುತ್ತ ಅಗೆದದ್ದಕ್ಕೆ, ತೆನೆ ತಿಂದದ್ದಕ್ಕೆ ಆ ಕಲಂ ಬರುವುದಿಲ್ಲ.

ಕರಡಿ ಹಗಲಿನಲ್ಲಿ ದಿಕ್ಕುತಪ್ಪಿ ಊರೊಳಗೆ ಬಂದುಬಿಟ್ಟರೆ ಏನು ಮಾಡಬೇಕೆಂಬುದನ್ನೂ ಸಭೆಯಲ್ಲಿ ಗಟ್ಟಿಯಾಗಿ ಹೇಳಿ. ಅಂಥ ದಿನ ನಡೆಯುವ ಅನಾಹುತಗಳ ದೊಡ್ಡ ಕಾರಣ ಜನಜಂಗುಳಿ. ಮೊಬೈಲ್ ಹಿಡಿದು ಹಿಂದೆ ಓಡುವವರು, ಕಲ್ಲು ತೂರುವವರು, ಮಾಳಿಗೆಯಿಂದ ಕೂಗುವವರು ಎಲ್ಲ ದಿಕ್ಕುಗಳಿಂದಲೂ ಸುತ್ತುವರಿದರೆ ಅದು ಯಾರ ಮೇಲಾದರೂ ಎರಗಿಯೇ ದಾರಿ ಮಾಡಿಕೊಳ್ಳುತ್ತದೆ. ಮಕ್ಕಳನ್ನು ಒಳಗೆ ಸೇರಿಸಿ ಬಾಗಿಲು ಹಾಕಿ, ಗುಡ್ಡದ ಕಡೆಯ ದಾರಿಯನ್ನು ಸಂಪೂರ್ಣ ತೆರವು ಮಾಡಿ, 1926 ಅರಣ್ಯ ಸಹಾಯವಾಣಿಗೆ ಕರೆ ಮಾಡಿ. ಅದು ಪೊದೆಯಲ್ಲಿಯೋ ಹಾಳು ಮನೆಯಲ್ಲಿಯೋ ಅಡಗಿದ್ದರೆ ಕತ್ತಲಾಗುವವರೆಗೆ ಬಿಟ್ಟುಬಿಡುವುದೇ ಒಳ್ಳೆಯದು, ಹೆಚ್ಚಿನ ಸಲ ತಾನೇ ಹೋಗುತ್ತದೆ. ಅರಿವಳಿಕೆ ಚುಚ್ಚುವ ಕೆಲಸ ಪಶುವೈದ್ಯರದು. ಔಷಧ ಏರಲು ಹಲವು ನಿಮಿಷ ಬೇಕು, ಆ ನಿಮಿಷಗಳಲ್ಲಿ ಸುತ್ತ ಜನ ಇದ್ದರೆ ಪ್ರಾಣಿಗೂ ಸಿಬ್ಬಂದಿಗೂ ಅಪಾಯ.

ಬೆಳೆ ಪರಿಹಾರದ ಬಗ್ಗೆ ಒಂದು ಮಾತು. ಹಾನಿ ಕಂಡ ದಿನವೇ ಫೋಟೊ ತೆಗೆದು, ಹೊಲವನ್ನು ಸರಿಮಾಡುವ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ. ಇಲಾಖೆಯ ಇ-ಪರಿಹಾರ ತಂತ್ರಾಂಶದಲ್ಲಿ ಅದು ದಾಖಲಾಗಬೇಕು. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳು ಬೇಕಾಗುತ್ತವೆ. ಬಹಳ ಅರ್ಜಿಗಳು ನಿಂತುಹೋಗುವುದು ಪಹಣಿ ಇನ್ನೂ ತೀರಿಕೊಂಡ ತಂದೆಯ ಅಥವಾ ಅಜ್ಜನ ಹೆಸರಿನಲ್ಲಿಯೇ ಇರುವುದರಿಂದ. ನಿಮ್ಮದು ಹಾಗಿದ್ದರೆ ಪೌತಿ ಖಾತೆಯನ್ನು ಈಗಲೇ ಮಾಡಿಸಿಕೊಳ್ಳಿ. ಹಾನಿ ಮಾಡಿದ ಪ್ರಾಣಿ ಯಾವುದೆಂದು ಗುರುತಿಸಲು ಕಲಿಯಿರಿ: ಹಂದಿಯ ಹಿಂಡು ನುಗ್ಗಿದರೆ ನೆಲವನ್ನು ಅಗಲವಾಗಿ ಉತ್ತಂತೆ ಕೆದರಿ ದಂಟುಗಳನ್ನು ಸಾಲುಸಾಲಾಗಿ ಮುರಿದಿರುತ್ತದೆ, ಕರಡಿ ಅಲ್ಲಲ್ಲಿ ಆಳವಾದ ಕಿರಿದಾದ ಗುಂಡಿ ತೋಡುತ್ತದೆ, ಅದರ ಹಿಂಗಾಲಿನ ಹೆಜ್ಜೆ ಮನುಷ್ಯನ ಬರಿಗಾಲನ್ನು ಹೋಲುತ್ತದೆ, ಮುಂದೆ ಉಗುರಿನ ಗುರುತು ಇರುತ್ತದೆ, ಅಡಿಕೆ ಸಸಿಯ ಬುಡವನ್ನು ಕಡಿದಿದ್ದರೆ ಮುಳ್ಳುಹಂದಿ ಇರಬಹುದು. ನಿಮ್ಮ ನಷ್ಟದ ದೊಡ್ಡ ಪಾಲು ಹಂದಿಯದೇ ಆಗಿರುವ ಸಾಧ್ಯತೆ ಇದೆ.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ಬೇಸಿಗೆಯ ಆರಂಭದಲ್ಲಿ ಹೊಸ ಹುಲ್ಲು ಚಿಗುರಲೆಂದು ಗುಡ್ಡಕ್ಕೆ ಬೆಂಕಿ ಹಾಕುವ ಅಭ್ಯಾಸ ನಮ್ಮ ಜಿಲ್ಲೆಯಲ್ಲಿ ಇನ್ನೂ ನಿಂತಿಲ್ಲ. ಮರಿಗಳು ಗವಿಯಿಂದ ಹೊರಬರುವ ಕಾಲವೂ ಹೆಚ್ಚು ಕಡಿಮೆ ಅದೇ. ಕಾರೆ, ಬಾರೆ, ಜಾನಿ ಪೊದೆಗಳೆಲ್ಲ ಸುಟ್ಟುಹೋದ ಗುಡ್ಡದಲ್ಲಿ ತಾಯಿ ಕರಡಿ ಏನು ತಿನ್ನಬೇಕು? ಅದು ತಿಂದ ಬಾರೆ, ಕಕ್ಕೆಯ ಬೀಜಗಳು ಅದರ ಲದ್ದಿಯಿಂದಲೇ ಗುಡ್ಡದ ತುಂಬ ಮೊಳೆಯುತ್ತವೆ. ಆ ಗಿಡಗಳನ್ನು ನಾವು ಸುಟ್ಟು, ಕರಡಿ ಕೆಳಗಿಳಿಯಿತೆಂದು ದೂರುತ್ತೇವೆ. ನಿಮ್ಮ ಸಭೆಯಲ್ಲಿ ಬೆಂಕಿ ಹಾಕದಿರುವ ಒಪ್ಪಂದ ಒಂದಾದರೆ ಅದು ಬೋನಿಗಿಂತ ಹೆಚ್ಚಿನ ಕೆಲಸ ಮಾಡುತ್ತದೆ.

ಉತ್ತರ — ಹೊಸದುರ್ಗ ತಾಲ್ಲೂಕಿನ ಶಿಕ್ಷಕಿ

ಅಣ್ಣ, ಗಂಡಸರು ನೀರು ಕಟ್ಟುವ ಮಾತನ್ನು ಎಲ್ಲರೂ ಬರೆದರು. ಹೆಂಗಸರು ಮತ್ತು ಮಕ್ಕಳ ಮಾತನ್ನು ಸೇರಿಸಬೇಕೆನಿಸಿತು. ತೋಟದ ಮನೆಯಲ್ಲಿ ಶೌಚಾಲಯ ಇದೆಯೇ, ಇದ್ದರೆ ಅದಕ್ಕೆ ಹೋಗುವ ದಾರಿಯಲ್ಲಿ ದೀಪ ಇದೆಯೇ ಎಂಬುದನ್ನು ಮೊದಲು ನೋಡಿ. ನಸುಕಿನಲ್ಲಿ ತಂಬಿಗೆ ಹಿಡಿದು ಒಬ್ಬರೇ ಹೊರಡುವ ನಮ್ಮ ತಾಯಂದಿರು ಸದ್ದು ಮಾಡದೆ ನಡೆಯುವುದನ್ನೇ ಸಂಕೋಚದಿಂದ ಕಲಿತವರು. ಕರಡಿಯ ಊರಿನಲ್ಲಿ ಆ ಮೌನವೇ ಅಪಾಯ. ಸಿಂಗಲ್ ಫೇಸ್ ಇಲ್ಲದ ಹೊತ್ತಿಗೂ ಉರಿಯುವಂತೆ ಒಂದು ಸೋಲಾರ್ ದೀಪ ಹಾಕಿಸಿದರೆ ದೊಡ್ಡ ಉಪಕಾರವಾಗುತ್ತದೆ.

ಅಡುಗೆಯ ಮುಸುರೆ, ಬಾಳೆಹಣ್ಣಿನ ಸಿಪ್ಪೆ, ಹಲಸಿನ ತೊಳೆಯ ಕಸವನ್ನು ಹಿತ್ತಲಿನಲ್ಲಿ ಚೆಲ್ಲದೆ ಗುಂಡಿಯಲ್ಲಿ ಹಾಕಿ ಮಣ್ಣು ಮುಚ್ಚಿ. ಹಲಸು ಹಣ್ಣಾಗುವ ಮೊದಲೇ ಇಳಿಸಿ, ಏಕೆಂದರೆ ಕಳಿತ ಹಲಸಿನ ವಾಸನೆ ಅದಕ್ಕೆ ಬಹು ದೂರದಿಂದಲೇ ತಿಳಿಯುತ್ತದೆ. ತೋಟದೊಳಗೆ ಗುಡಿ ಇದ್ದರೆ ದೀಪದ ಎಣ್ಣೆ, ಒಡೆದ ತೆಂಗಿನಕಾಯಿ, ನೈವೇದ್ಯದ ಬಾಳೆಹಣ್ಣುಗಳನ್ನು ರಾತ್ರಿ ಅಲ್ಲಿಯೇ ಬಿಡಬೇಡಿ. ದೀಪದ ಎಣ್ಣೆಗಾಗಿ ಗುಡಿಯ ಬಾಗಿಲು ಮುರಿದ ಕರಡಿಗಳ ಸುದ್ದಿಯನ್ನು ನಮ್ಮ ಕಡೆ ಎಲ್ಲರೂ ಕೇಳಿದ್ದೇವೆ. ಒಮ್ಮೆ ಮನೆಯಂಗಳದಲ್ಲಿ ಸುಲಭವಾಗಿ ತಿನ್ನಲು ಸಿಕ್ಕರೆ ಅದು ಮರಿಗೂ ಅದೇ ದಾರಿಯನ್ನು ತೋರಿಸುತ್ತದೆ.

ಮಕ್ಕಳು ಶಾಲೆಗೆ ಗುಂಪಾಗಿ, ಬಿಸಿಲು ಬಿದ್ದ ಮೇಲೆ ಹೊರಡಲಿ. ನಮ್ಮ ಶಾಲೆಯಲ್ಲಿ ಗುಡ್ಡದ ಕಡೆಯಿಂದ ಬರುವ ಮಕ್ಕಳು ಹತ್ತು ನಿಮಿಷ ತಡವಾಗಿ ಬಂದರೆ ಕಾರಣ ಕೇಳುವುದಿಲ್ಲ. ಮುಖ್ಯ ಶಿಕ್ಷಕರನ್ನು ಕಂಡು ಮಾತನಾಡಿ, ಯಾವ ಶಾಲೆಯಲ್ಲಿಯೂ ಇದಕ್ಕೆ ಇಲ್ಲ ಎನ್ನಲಾರರು.

ಮರುಪ್ರಶ್ನೆ — ಹೊಳಲ್ಕೆರೆ ತಾಲ್ಲೂಕಿನ ಕೃಷಿಕ

ನಿಮ್ಮೆಲ್ಲರ ಮಾತನ್ನೂ ಬರೆದಿಟ್ಟುಕೊಂಡಿದ್ದೇನೆ. ಪಹಣಿ ನಿಜವಾಗಿಯೂ ತಂದೆಯವರ ಹೆಸರಿನಲ್ಲಿಯೇ ಇದೆ. ನಾಳೆಯೇ ಪೌತಿ ಖಾತೆಗೆ ಅರ್ಜಿ ಕೊಡುತ್ತೇನೆ. ಕೊನೆಯದಾಗಿ ಒಂದು ಸಂದೇಹ. ಹಂದಿಗಾದರೂ ಬೇಲಿ ಬೇಕೇ ಬೇಕು. ಸೋಲಾರ್ ಬೇಲಿ ನಮ್ಮ ಈ ಒಣ ನೆಲದಲ್ಲಿ ಕೆಲಸ ಮಾಡುವುದಿಲ್ಲವೆಂದು ಕೆಲವರು ಹೇಳುತ್ತಾರೆ, ಅದು ನಿಜವೇ?

ಉತ್ತರ — ಜಗಳೂರು ತಾಲ್ಲೂಕಿನ ಕೃಷಿಕ

ಸರಿಯಾಗಿ ಹಾಕದಿದ್ದರೆ ನಿಜ, ಸರಿಯಾಗಿ ಹಾಕಿದರೆ ಅಲ್ಲ. ಸೋಲಾರ್ ಬೇಲಿಯ ಯಂತ್ರ ಬ್ಯಾಟರಿಯಿಂದ ಸುಮಾರು ಸೆಕೆಂಡಿಗೊಮ್ಮೆ ಅತಿ ಕಡಿಮೆ ಹೊತ್ತಿನ ಹೊಡೆತವನ್ನು ತಂತಿಗೆ ಕಳುಹಿಸುತ್ತದೆ. ಮುಟ್ಟಿದ ಪ್ರಾಣಿಗೆ ಜೋರಾಗಿ ಜುಮ್ಮೆನ್ನುತ್ತದೆ, ಜೀವ ಹೋಗುವುದಿಲ್ಲ. ಆದರೆ ಆ ಹೊಡೆತ ಪ್ರಾಣಿಯ ಮೈಯಿಂದ ನೆಲಕ್ಕೆ ಇಳಿದು ಯಂತ್ರಕ್ಕೆ ಮರಳಬೇಕು. ಬೇಸಿಗೆಯಲ್ಲಿ ನಮ್ಮ ಕಲ್ಲುನೆಲ ಒಣಗಿ ಹೋದಾಗ ಆ ದಾರಿ ಮುಚ್ಚಿಹೋಗುತ್ತದೆ. ಅದಕ್ಕೆ ಅರ್ಥಿಂಗ್ ಸರಳುಗಳನ್ನು ಒಂದಕ್ಕಿಂತ ಹೆಚ್ಚು, ಆಳವಾಗಿ, ಸಾಧ್ಯವಾದರೆ ತೊಟ್ಟಿಯ ನೀರು ಬಸಿಯುವ ತೇವದ ಜಾಗದಲ್ಲಿ ಹುಗಿಸಿ. ಜೊತೆಗೆ ಒಂದು ಬಿಟ್ಟು ಒಂದು ತಂತಿಯನ್ನು ಅರ್ಥಿಂಗಿಗೆ ಜೋಡಿಸಲು ಹೇಳಿ. ಆಗ ಪ್ರಾಣಿ ಎರಡು ತಂತಿಗಳನ್ನು ಒಟ್ಟಿಗೆ ಮುಟ್ಟಿದಾಗ ಒಣ ನೆಲದಲ್ಲಿಯೂ ಹೊಡೆತ ತಗಲುತ್ತದೆ.

ಕರಡಿಯ ಮೈಯ ಕೂದಲು ಬಹಳ ದಟ್ಟ. ಮೂತಿಗೆ ತಗಲಿದರೆ ಮಾತ್ರ ಅದಕ್ಕೆ ಬುದ್ಧಿ ಬರುತ್ತದೆ. ಹಂದಿಯೂ ಮೂತಿಯಿಂದಲೇ ನುಗ್ಗುತ್ತದೆ. ಆದ್ದರಿಂದ ಕೆಳಗಿನ ತಂತಿ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು. ಅಷ್ಟು ಕೆಳಗಿರುವ ತಂತಿಗೆ ಹುಲ್ಲು ತಾಗಿದರೆ ಶಕ್ತಿಯೆಲ್ಲ ಸೋರಿಹೋಗುತ್ತದೆ, ಹೀಗಾಗಿ ಮಳೆಗಾಲದಲ್ಲಿ ಬೇಲಿಯ ಬುಡವನ್ನು ಆಗಾಗ ಸವರುತ್ತಿರಬೇಕು. ನಾನು ನೋಡಿದ ಮಟ್ಟಿಗೆ ಬೇಲಿ ಕೈಕೊಡುವುದು ಯಂತ್ರದ ದೋಷದಿಂದಲ್ಲ, ಬುಡದ ಕಳೆಯಿಂದ. ಮೂರು ನಾಲ್ಕು ಹೊಲದವರು ಸೇರಿ ಗುಡ್ಡದ ಬದಿಗೆ ಒಂದೇ ಬೇಲಿ ಹಾಕಿಕೊಂಡರೆ ಖರ್ಚೂ ಹಂಚಿಹೋಗುತ್ತದೆ, ಕಳೆ ಸವರುವ ಪಾಳಿಯೂ ಹಂಚಿಹೋಗುತ್ತದೆ. ಅರಣ್ಯ ಇಲಾಖೆಯಿಂದ ಇದಕ್ಕೆ ಸಹಾಯಧನ ಇದೆ. ಯಂತ್ರ ಕೊಳ್ಳುವ ಮೊದಲೇ ವಲಯ ಕಚೇರಿಯಲ್ಲಿ ವಿಚಾರಿಸಿ, ಕೊಂಡ ನಂತರ ಕೇಳಿದರೆ ಸಿಗುವುದು ಕಷ್ಟ. ಊರ ಸಭೆಗೆ ಹೋಗುವಾಗ ಪಕ್ಕದ ಹೊಲದವರನ್ನು ಮೊದಲೇ ಒಪ್ಪಿಸಿಕೊಂಡು, ಅರ್ಜಿಯನ್ನು ಬರೆದೇ ತೆಗೆದುಕೊಂಡು ಹೋಗಿ.